ಅರ್ಥ್‌ಡಾಗ್ ಪರೀಕ್ಷೆ: ಸುರಂಗ ಕಟ್ಟುವುದರಿಂದ ಟೆರಿಯರ್ ಹೊರಗೆ ಬರುವವರೆಗೆ

ಬಿಲ ಕಂಡರೆ ನುಗ್ಗುವುದನ್ನು ಟೆರಿಯರ್ ನಾಯಿಗೆ ಯಾರೂ ಕಲಿಸಬೇಕಿಲ್ಲ. ನರಿಗಳನ್ನು, ಬಿಲ ತೋಡಿ ಬದುಕುವ ಬ್ಯಾಜರ್‌ಗಳನ್ನು ನೆಲದಡಿಯಲ್ಲೇ ಎದುರಿಸಲೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿಗಳಿವು. ನಾವು ಕಲಿಸಬೇಕಾದದ್ದು ಕತ್ತಲಲ್ಲಿ ತಿರುವು ದಾಟುವುದನ್ನು ಮತ್ತು ಕರೆದಾಗ ಹೊರಗೆ ಬರುವುದನ್ನು. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್‌ನ ಅರ್ಥ್‌ಡಾಗ್ ಪರೀಕ್ಷೆಯಲ್ಲಿ ನಾಯಿ ನೆಲದಡಿಯ ಸುರಂಗಕ್ಕೆ ನುಗ್ಗಿ, ಕೊನೆಯಲ್ಲಿ ಸರಳುಗಳ ಹಿಂದೆ ಪಂಜರದಲ್ಲಿಟ್ಟ ಇಲಿಗಳನ್ನು ಹುಡುಕಬೇಕು. ಅದಕ್ಕೆ ನಾಯಿ ತಯಾರು ಮಾಡುವಾಗ ನಾನು ಹೆಚ್ಚು ಹೊತ್ತು ಕೊಡುವುದು ಸುರಂಗಕ್ಕೆ. ಕೆಟ್ಟ ಸುರಂಗದಲ್ಲಿ ಒಮ್ಮೆ ಹೆದರಿದ ನಾಯಿಯನ್ನು ಮತ್ತೆ ಒಳಗೆ ಇಳಿಸುವುದು ಬಹಳ ಕಷ್ಟ.

ಈ ಕ್ರೀಡೆಯನ್ನು ಅಮೆರಿಕದಲ್ಲಿ ಮೊದಲು ಬೆಳೆಸಿದ್ದು 1971ರಲ್ಲಿ ಹುಟ್ಟಿದ ಅಮೆರಿಕನ್ ವರ್ಕಿಂಗ್ ಟೆರಿಯರ್ ಅಸೋಸಿಯೇಶನ್. ಕೆನಲ್ ಕ್ಲಬ್ ತನ್ನ ಪರೀಕ್ಷೆಗಳನ್ನು 1994ರಲ್ಲಿ ಆರಂಭಿಸಿತು. ಸಣ್ಣ ಟೆರಿಯರ್‌ಗಳ ಜೊತೆ ಉದ್ದ ಮೈ, ಗಿಡ್ಡ ಕಾಲಿನ ಡ್ಯಾಕ್ಸ್‌ಹುಂಡ್‌ಗಳಿಗೂ ಅವಕಾಶವಿದೆ. ಪರಿಚಯದ ಹಂತದಲ್ಲಿ 10 ಅಡಿಯ ಸುರಂಗ, ಒಂದೇ ತಿರುವು. ಜೂನಿಯರ್‌ನಲ್ಲಿ 30 ಅಡಿ, 90 ಡಿಗ್ರಿಯ ಮೂರು ತಿರುವು; ಬಿಟ್ಟ 30 ಸೆಕೆಂಡಿನೊಳಗೆ ಇಲಿಯ ಬಳಿ ತಲುಪಿ, 60 ಸೆಕೆಂಡು ಬಿಡದೆ ಕೆಲಸ ಮಾಡಬೇಕು. ಕೆಲಸವೆಂದರೆ ಬೊಗಳುವುದು, ಗುರುಗುಟ್ಟುವುದು, ಕೆರೆಯುವುದು, ಸರಳು ಕಚ್ಚುವುದು.

ಸುರಂಗದ ಒಳ ಅಳತೆ 9 ಇಂಚು ಅಗಲ, 9 ಇಂಚು ಎತ್ತರ. ಎರಡು ಗೋಡೆ, ಮೇಲೊಂದು ಮುಚ್ಚಳ; ತಳಕ್ಕೆ ಹಲಗೆಯಿಲ್ಲ, ಬರೀ ಮಣ್ಣು. ನಾನು ಮುಕ್ಕಾಲು ಇಂಚಿನ ಪ್ಲೈವುಡ್ ಬಳಸುತ್ತೇನೆ: ಗೋಡೆಗೆ 9 ಇಂಚಿನ ಪಟ್ಟಿ, ಮುಚ್ಚಳಕ್ಕೆ ಹತ್ತೂವರೆ ಇಂಚಿನ ಪಟ್ಟಿ. ನಾಲ್ಕು ಅಡಿಯ ತುಂಡುಗಳಾಗಿ ಮಾಡಿಕೊಂಡರೆ ಒಬ್ಬರೇ ಎತ್ತಿಡಬಹುದು. ಸ್ಕ್ರೂಗಳನ್ನು ಹೊರಗಿನಿಂದಲೇ ಹಾಕಿ, ಮೊನೆ ಒಳಗೆ ಬಂದಿದೆಯೇ ಎಂದು ಕೈಯಾಡಿಸಿ ನೋಡಬೇಕು. ಹುಳು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರ ಬೇಡವೇ ಬೇಡ, ನಾಯಿ ಅದನ್ನು ಕಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ತಿರುವಿಗೆ. ನಾಯಿ ಅಲ್ಲಿ ಬೆನ್ನು ಬಗ್ಗಿಸಿ, ಪಕ್ಕೆಲುಬನ್ನು ಒಳಮೂಲೆಗೆ ಉಜ್ಜಿಕೊಂಡು ಸಾಗುತ್ತದೆ. ಆ ಮೂಲೆಯ ಚೂಪು ಅಂಚನ್ನು ಅರದಿಂದ ದುಂಡಗೆ ಮಾಡಿ, ಉಪ್ಪುಕಾಗದದಿಂದ ತಿಕ್ಕುತ್ತೇನೆ. ಎರಡು ತುಂಡು ಕೂಡುವಲ್ಲಿ ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಅಗಲದ ಎದೆಯ ನಾಯಿ ಸಿಕ್ಕಿಕೊಳ್ಳುತ್ತದೆ. ಸಂದಿನಿಂದ ಬೆಳಕು ಇಣುಕಿದರೆ ಇನ್ನೊಂದು ತೊಂದರೆ: ನಾಯಿ ಇಲಿಯನ್ನು ಬಿಟ್ಟು ಅಲ್ಲೇ ಕೆರೆಯಲು ನಿಂತು ಉಗುರು ಕಿತ್ತುಕೊಳ್ಳುತ್ತದೆ. ಹಾಗಾಗಿ ಸಂದುಗಳ ಮೇಲೆ ಗೋಣಿಪಟ್ಟಿ ಹಾಸಿ ಆಮೇಲೆ ಮಣ್ಣು ಎಳೆಯುತ್ತೇನೆ. ಮಳೆ ಬಂದರೆ ಹಸಿಮಣ್ಣಿನ ಒತ್ತಡಕ್ಕೆ ಗೋಡೆಗಳು ಒಳಕ್ಕೆ ವಾಲುತ್ತವೆ; ಗೋಡೆಗಳ ಕೆಳ ಅಂಚಿನಡಿ ಎರಡೆರಡು ಅಡಿಗೊಂದು ಅಡ್ಡಪಟ್ಟಿ ಹೊಡೆದು ಮಣ್ಣಲ್ಲಿ ಹೂತರೆ ನಿಲ್ಲುತ್ತವೆ. ಇಳಿಜಾರು ಬಾಗಿಲ ಕಡೆಗಿರಲಿ, ಇಲ್ಲವಾದರೆ ನೀರು ಇಲಿಗಳ ಬಳಿ ನಿಲ್ಲುತ್ತದೆ.

ಕೊನೆಯಲ್ಲಿ ಮರದ ಗಟ್ಟಿ ಸರಳುಗಳು ನೆಟ್ಟಗೆ ನಿಂತಿರಬೇಕು, ಅವುಗಳ ಹಿಂದೆ ತಂತಿಬಲೆಯ ಪಂಜರದಲ್ಲಿ ಸಾಕಿದ ಎರಡು ದೊಡ್ಡ ಇಲಿಗಳು. ಪಂಜರವನ್ನು ಸರಳಿಗೆ ತಾಗಿಸದೆ ಹಿಂದಕ್ಕೆ ಸರಿಸಿಡುತ್ತೇನೆ, ಪಂಜವೂ ಮೂತಿಯೂ ಎಟುಕಬಾರದು. ಇಲಿಗೆ ಗಾಯವಾದರೆ ಅದು ಕಟ್ಟಿದವರದೇ ತಪ್ಪು. ಪಂಜರದಲ್ಲಿ ಅವುಗಳದೇ ಹಾಸು, ನೀರಿಗೆ ಬದಲು ಸೌತೆಕಾಯಿ ಹೋಳು ಇರಲಿ. ಬಿಸಿಲಲ್ಲಿ ಇಲಿಗಳು ಬೇಗ ಸೊರಗುತ್ತವೆ, ಆಗಾಗ ಜೋಡಿ ಬದಲಿಸಿ ನೆರಳಿಗಿಡಬೇಕು. ಆ ಜಾಗದ ಮೇಲೆ ತೆಗೆಯಲು ಬರುವ ಬೇರೆ ಮುಚ್ಚಳ ಇರಲೇಬೇಕು. ನಾಯಿಯನ್ನು ಎತ್ತಲು ಅದೊಂದೇ ದಾರಿ.

ವಾಸನೆಗೆ ಇಲಿಯ ಹಾಸನ್ನು ನೀರಲ್ಲಿ ನೆನೆಸಿ, ಸೋಸಿ, ಬಾಗಿಲಿನಿಂದ ಒಳಕ್ಕೆ ಚಿಮುಕಿಸುತ್ತೇನೆ. ಬಾಗಿಲಲ್ಲಿ ಅತಿಯಾದರೆ ನಾಯಿ ಅಲ್ಲೇ ಮೂಸುತ್ತಾ 30 ಸೆಕೆಂಡು ಕಳೆದುಬಿಡುತ್ತದೆ.

ಮರಿಗೆ ಮೊದಲು ನಾಲ್ಕು ಅಡಿಯ ನೇರ ತುಂಡು ಸಾಕು, ಎರಡೂ ಕಡೆ ಬೆಳಕು, ಇಲಿ ಇಲ್ಲ. ಇಲಿಯನ್ನು ಬೇರೆಯಾಗಿ, ಹುಲ್ಲಿನ ಮೇಲೆ ಪಂಜರವಿಟ್ಟು, ಬೆಲ್ಟ್ ಹಿಡಿದು ತೋರಿಸುತ್ತೇನೆ. ಮರಿ ಹುರುಪಿನಿಂದ ಬೊಗಳುತ್ತಿರುವಾಗಲೇ ಪಂಜರ ಎತ್ತಿಕೊಂಡು ಹೋಗಬೇಕು, ಸುಸ್ತಾಗುವವರೆಗೆ ಬಿಡಬಾರದು. ತಿರುವು ಮತ್ತು ಇಲಿ ಎರಡೂ ಸಲೀಸಾದ ಮೇಲೆ ಒಟ್ಟಿಗೆ ಸೇರಿಸುವುದು. ಎರಡನ್ನೂ ಒಂದೇ ದಿನ ಹೊಸದಾಗಿ ತೋರಿಸಿದರೆ ಮೊದಲ ಮೂಲೆಯಿಂದಲೇ ಹಿಂದಕ್ಕೆ ಬರುತ್ತದೆ.

ತಲುಪಿಯೂ ಸುಮ್ಮನೆ ದಿಟ್ಟಿಸುತ್ತಾ ನಿಲ್ಲುವ ನಾಯಿಗಳಿವೆ. ಮನೆಯಲ್ಲಿ ಅಳಿಲಿಗೆ ಬೊಗಳಿದ್ದಕ್ಕೆ ಗದರಿಸಿಕೊಂಡ ನಾಯಿಗಳಲ್ಲಿ ಇದು ಹೆಚ್ಚು. ಅಭ್ಯಾಸದಲ್ಲಿ ಪಂಜರವನ್ನು ಮೇಲಿನಿಂದ ಮೆಲ್ಲಗೆ ಕೆರೆದರೆ ಇಲಿ ಅಲುಗುತ್ತದೆ, ನಾಯಿಗೆ ದನಿ ಬರುತ್ತದೆ. ಹತ್ತಿರದಲ್ಲಿ ಇನ್ನೊಂದು ಚುರುಕು ಟೆರಿಯರ್ ಬೊಗಳುತ್ತಿದ್ದರೆ ಇನ್ನೂ ಒಳ್ಳೆಯದು. 40 ಸೆಕೆಂಡಿಗೆ ಕೈಬಿಡುವ ನಾಯಿಯನ್ನು 20ಕ್ಕೇ ಎತ್ತಿ, ಐದೈದು ಸೆಕೆಂಡು ಹೆಚ್ಚಿಸುತ್ತಾ ಹೋಗಿ. ಬಿಟ್ಟ ಮೇಲೆ ನೀವು ಬಾಯಿ ಮುಚ್ಚಿ ನಿಂತಲ್ಲೇ ನಿಲ್ಲುವುದನ್ನೂ ಅಭ್ಯಾಸ ಮಾಡಬೇಕು. ಹುರಿದುಂಬಿಸುವ ದನಿ ಕೇಳಿದರೆ ನಾಯಿ ನಿಮ್ಮತ್ತ ತಿರುಗುತ್ತದೆ.

ಸೀನಿಯರ್ ಹಂತದಲ್ಲಿ ಒಂದು ಖಾಲಿ ಗೂಡು, ಇನ್ನೊಂದು ಹೊರದಾರಿ ಸೇರಿಕೊಳ್ಳುತ್ತವೆ. ತಲುಪಲು 90 ಸೆಕೆಂಡು, ಕೆಲಸ 90 ಸೆಕೆಂಡು, ಇಲಿ ತೆಗೆದ ಮೇಲೆ ಕರೆದು ಕೈಗೆ ತಂದುಕೊಳ್ಳಲು ಮತ್ತೆ 90. ಒಳ್ಳೊಳ್ಳೆಯ ನಾಯಿಗಳು ಸೋಲುವುದು ಈ ಕೊನೆಯದರಲ್ಲೇ. ಹೊರಗೆ ಬಂದರೆ ಬೆಲ್ಟ್, ಕಾರು, ಮನೆ ಎಂದಾದರೆ ಯಾವ ಟೆರಿಯರ್ ಬಂದೀತು? ಅಭ್ಯಾಸದಲ್ಲಿ ಕರೆದಾಗ ಬಂದ ನಾಯಿಗೆ ಮುದ್ದು ಮಾಡಿ, ಹೆಚ್ಚಿನ ಸಲ ಮತ್ತೆ ಒಳಗೆ ಬಿಡುತ್ತೇನೆ. ಅದರ ಪಾಲಿಗೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಪ್ರತಿ ಸಲ ಇಳಿಸುವ ಮುನ್ನ ಕಣಜದ ಗೂಡು, ಹಾವು ಇವೆಯೇ ಎಂದು ಟಾರ್ಚ್ ಬಿಟ್ಟು ನೋಡಿ, ಕೊರಳಪಟ್ಟಿ ಬಿಚ್ಚುತ್ತೇನೆ. ಹೊರಬಂದ ಕೂಡಲೇ ಕಣ್ಣಿನ ಮಣ್ಣನ್ನು ಸಲೈನ್‌ನಿಂದ ತೊಳೆದು, ಒಸಡು, ಉಗುರಿನ ಬುಡ ನೋಡುತ್ತೇನೆ. ತೊಳೆದ ಮೇಲೂ ಕಣ್ಣು ಕಿರಿದು ಮಾಡುತ್ತಿದ್ದರೆ ಪಶುವೈದ್ಯರಿಗೆ ತೋರಿಸುವವರೆಗೆ ಆ ನಾಯಿಗೆ ಸುರಂಗವಿಲ್ಲ.