ಮೊಮ್ಮಗು ಯಾವ ದೇಶದ್ದು? ತೊಟ್ಟಿಲು ಕಟ್ಟುವ ಮೊದಲೇ ನೋಡಿಕೊಳ್ಳಿ

ನನ್ನ ಬೀರುವಿನಲ್ಲಿರುವ ನೀಲಿ ಕಡತದಲ್ಲಿ ಮೂವರು ಮೊಮ್ಮಕ್ಕಳ ಜನನ ಪ್ರಮಾಣಪತ್ರಗಳ ನಕಲುಗಳಿವೆ. ಒಂದು ಟೆಕ್ಸಾಸಿನದು, ಒಂದು ದುಬೈನದು, ಇನ್ನೊಂದು ಇಂಗ್ಲೆಂಡಿನ ಲೀಡ್ಸ್‌ನದು. ಮೂವರ ತಂದೆತಾಯಿಯೂ ಆಗ ಭಾರತದ ಪಾಸ್‌ಪೋರ್ಟಿನವರೇ. ಆದರೂ ಟೆಕ್ಸಾಸಿನವಳು ಅಮೆರಿಕದ ಪ್ರಜೆ, ಉಳಿದಿಬ್ಬರು ಭಾರತದವರು. ಊರಿನಲ್ಲಿ ಯಾರ ಮಗಳು ಹೊರದೇಶದಲ್ಲಿ ಬಸುರಿಯಾದರೂ ಈಗ ನನ್ನ ಜಗಲಿಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಮಗು ಹುಟ್ಟುವ ದೇಶ, ತಾರೀಕು, ಆ ದಿನ ತಂದೆತಾಯಿ ಇರುವ ವೀಸಾ. ಜನ ಮರೆಯುವುದು ಈ ಮೂರನೆಯದನ್ನೇ. ತಾರೀಕಿಗೆ ಏಕೆ ಇಷ್ಟು ಬೆಲೆ ಎಂದು ಕೇಳುವವರಿಗೆ ನಮ್ಮ ಮನೆಯನ್ನೇ ತೋರಿಸುತ್ತೇನೆ. ದೊಡ್ಡ ಮಗಳು 1986ರವಳು; ಭಾರತದ ನೆಲದಲ್ಲಿ ಹುಟ್ಟಿದ್ದೇ ಅವಳಿಗೆ ಸಾಕು. ಚಿಕ್ಕವಳು 1989ರವಳು, 1987ರ ಜುಲೈ 1ರಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇನ್ನು ದೇಶ. ಕೆನಡಾ, ಮೆಕ್ಸಿಕೊ, ಬ್ರೆಜಿಲ್, ಅರ್ಜೆಂಟೀನಗಳಲ್ಲಿ ಹುಟ್ಟಿದ ಮಗು ರಾಜತಾಂತ್ರಿಕರದ್ದಲ್ಲದಿದ್ದರೆ ಅಲ್ಲಿಯದೇ. ಅಮೆರಿಕದಲ್ಲಿ ಇದು ಸಂವಿಧಾನಕ್ಕೆ 1868ರಲ್ಲಿ ಆದ ಹದಿನಾಲ್ಕನೆಯ ತಿದ್ದುಪಡಿಯಿಂದ ಬಂದದ್ದು. ಬಿಡುಗಡೆಯಾದ ಗುಲಾಮರನ್ನು ಪ್ರಜೆಗಳಲ್ಲ ಎನ್ನಲು ಯಾರಿಗೂ ಆಗದಿರಲಿ ಎಂದು. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇದನ್ನು ತಪ್ಪಿಸುವ ಆದೇಶವನ್ನು 2025ರ ಜನವರಿಯಲ್ಲಿ ಅಧ್ಯಕ್ಷರು ಹೊರಡಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಹಾಗಾಗಿ ಹೆರಿಗೆಯ ಹೊತ್ತಿಗೆ ಇರುವ ನಿಯಮವನ್ನೇ ನೋಡಿ, ಹಳೆಯ ನೆಂಟರ ಮಾತನ್ನಲ್ಲ. ಬ್ರಿಟನ್ 1983ರಲ್ಲಿ, ಆಸ್ಟ್ರೇಲಿಯ 1986ರಲ್ಲಿ, ಐರ್ಲೆಂಡ್ 2005ರಲ್ಲಿ, ನ್ಯೂಜಿಲೆಂಡ್ 2006ರಲ್ಲಿ, ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವ ಈ ಬಾಗಿಲನ್ನು ಅರ್ಧ ಮುಚ್ಚಿದವು. ಜರ್ಮನಿ ಮಾತ್ರ 2000ದಲ್ಲಿ ಅರ್ಧ ತೆರೆಯಿತು: ತಂದೆ ಅಥವಾ ತಾಯಿ ಅಲ್ಲಿ ಎಂಟು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದು ಕಾಯಂ ಪರವಾನಗಿ ಪಡೆದಿರಬೇಕು ಎಂದಿತ್ತು, 2024ರಲ್ಲಿ ಎಂಟು ಐದಾಯಿತು. ಕೊಲ್ಲಿಯಲ್ಲಿ ನಲವತ್ತು ವರ್ಷ ದುಡಿದವರ ಮಕ್ಕಳೂ ಹುಟ್ಟಿದ ಮಾತ್ರಕ್ಕೆ ಅಲ್ಲಿಯವರಾಗುವುದಿಲ್ಲ.

ಅಮೆರಿಕದ ಮೊಮ್ಮಗಳಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಿದೆವು. ಅದು ಪೌರತ್ವವಲ್ಲ. ಅವಳಿಗೆ ಇಲ್ಲಿ ಮತವಿಲ್ಲ. ನನ್ನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬರಬಹುದು, ಪಕ್ಕದ ತೋಟವನ್ನು ಕೊಳ್ಳುವಂತಿಲ್ಲ.

ಮಗು ಭಾರತದ್ದೇ ಆಗಬೇಕೆಂದರೆ ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ನೋಂದಾಯಿಸಬೇಕು. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ನಾವು ಎಡವಿದ್ದು ಹೆಸರಿನಲ್ಲಿ. ಲೀಡ್ಸ್ ಅಳಿಯನ ಹೆಸರಿನ ನಡುವೆ ಒಂದು 'ಶ್ವ' ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು 'ಡಬ್ಲ್ಯು', ಮಗುವಿನ ಪ್ರಮಾಣಪತ್ರದಲ್ಲಿ 'ವಿ'. ಕನ್ನಡದಲ್ಲಿ ಒಂದೇ ಅಕ್ಷರ, ಗುಮಾಸ್ತರಿಗೆ ಇಬ್ಬರು ಅಪ್ಪಂದಿರು! ತಿದ್ದುಪಡಿ ಮುಗಿಯುವಷ್ಟರಲ್ಲಿ ಮಗು ಹೊಸ್ತಿಲು ದಾಟುತ್ತಿತ್ತು. ಆದ್ದರಿಂದ ಜನನ ನೋಂದಣಿಗೆ ಹೋಗುವಾಗ ಇಬ್ಬರ ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಬಿಡಿಸಿಟ್ಟು, ಸಹಿ ಹಾಕುವ ಮುನ್ನ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿ. ನಮ್ಮ ಕಡೆಯ ಇನಿಷಿಯಲ್‌ಗಳನ್ನು ಪಾಸ್‌ಪೋರ್ಟಿನಲ್ಲಿ ಹೇಗೆ ಬಿಡಿಸಿದೆಯೋ ಹಾಗೆಯೇ ಬರೆಸಿ.

ದುಬೈಯಲ್ಲಿ ಅವಸರ ಇನ್ನೂ ಹೆಚ್ಚು. ಪ್ರಮಾಣಪತ್ರ, ಭಾರತದ ಪಾಸ್‌ಪೋರ್ಟ್, ಅದರ ಮೇಲೆ ನಿವಾಸ ವೀಸಾ, ಎಲ್ಲವೂ 120 ದಿನಗಳೊಳಗೆ ಆಗಬೇಕು. ತಪ್ಪಿದರೆ ದಿನಕ್ಕಿಷ್ಟು ದಂಡ. ನಾಮಕರಣಕ್ಕೆ ಒಳ್ಳೆಯ ಮುಹೂರ್ತ ಕಾಯುತ್ತಾ ಕೂರಬೇಡಿ.

ಬ್ರಿಟನ್ನಿನಲ್ಲಿ ತಂದೆ ಅಥವಾ ತಾಯಿಗೆ ಕಾಯಂ ವಾಸದ ಪರವಾನಗಿ ಸಿಕ್ಕ ಮೇಲೆ ಅಲ್ಲೇ ಹುಟ್ಟಿದ ಮಗುವಿನ ನೋಂದಣಿಗೆ ಅರ್ಜಿ ಹಾಕಬಹುದು. ಸಿಗದಿದ್ದರೂ ಮಗು ಮೊದಲ ಹತ್ತು ವರ್ಷ ಅಲ್ಲೇ ಬೆಳೆದರೆ ಸಾಕು. ಆದರೆ ಯಾವ ವರ್ಷವೂ 90 ದಿನಕ್ಕಿಂತ ಹೆಚ್ಚು ಹೊರಗಿರದಿರುವುದು ಕ್ಷೇಮ. ವಿಮಾನದ ಚೀಟಿಗಳನ್ನು ಎಸೆಯಬೇಡಿ. ಮಾವು ಮುಗಿದು ಮಳೆ ಹಿಡಿಯುವವರೆಗೂ ಮೊಮ್ಮಗ ಇಲ್ಲೇ ಇರಲಿ ಎಂದು ನನ್ನ ಹೆಂಡತಿಗೆ ಆಸೆ. ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಾಳೆ. ಈ ವರ್ಷ 52 ಆಗಿದೆ.