ನುಡಿಸಿದ ಮೇಲೆ ಗಿಟಾರ್ ತಂತಿಗಳ ಆರೈಕೆ

ಗಿಟಾರಿನ ತಂತಿಗಳು ನುಡಿಸಿ ಸವೆಯುವುದಕ್ಕಿಂತ, ನುಡಿಸಿದ ಮೇಲೆ ಒರೆಸದೆ ಇಟ್ಟಿದ್ದರಿಂದ ಕೆಡುವುದೇ ಹೆಚ್ಚು. ಬೆರಳಿನ ಬೆವರಿನಲ್ಲಿರುವ ಉಪ್ಪು ಮತ್ತು ಆಮ್ಲ, ಚರ್ಮದ ಜಿಡ್ಡು, ಉದುರಿದ ಚರ್ಮದ ಕಣಗಳು ತಂತಿಯ ಮೇಲೆ ಉಳಿದು, ಗಾಳಿಯ ತೇವದೊಂದಿಗೆ ಸೇರಿ ಲೋಹವನ್ನು ತಿನ್ನತೊಡಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಸರಿಯಾಗಿ ಒಣಗದ ಬೆಳಗಾವಿಯಲ್ಲಿ ಈ ಕೆಲಸ ಬಹಳ ಬೇಗ ನಡೆಯುತ್ತದೆ. ವಿಜಯಪುರ, ಬಾಗಲಕೋಟೆಯ ಕಡೆ ತೇವ ಕಡಿಮೆ ನಿಜ. ಆದರೆ ಅಲ್ಲಿ ಬೇಸಿಗೆಯ ಬೆವರೂ ಎರೆಮಣ್ಣಿನ ನುಣ್ಣನೆಯ ಧೂಳೂ ಕೂಡಿ ತಂತಿಯ ಸಂದುಗಳಲ್ಲಿ ಮೆತ್ತಿಕೊಳ್ಳುತ್ತವೆ. ಎರಡೂ ಕಡೆಯವರಿಗೆ ಮೊದಲ ಉಪಾಯ ಒಂದೇ: ಬೆವರು ಆರುವ ಮುನ್ನ, ಗಿಟಾರನ್ನು ಕೆಳಗಿಡುವ ಮೊದಲೇ ಒರೆಸಿಬಿಡುವುದು.

ಅಕೂಸ್ಟಿಕ್ ಗಿಟಾರಿನ ಆರು ತಂತಿಗಳಲ್ಲಿ ಸಣ್ಣವೆರಡು ಬರಿಯ ಉಕ್ಕಿನವು. ಅವುಗಳ ಮೇಲೆ ಸಾಮಾನ್ಯವಾಗಿ ತವರದ ತೆಳುವಾದ ಲೇಪವಿರುತ್ತದೆ. ಉಳಿದ ನಾಲ್ಕು, ಉಕ್ಕಿನ ಎಳೆಯ ಮೇಲೆ ಬೇರೊಂದು ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತಿದವು. ಪೊಟ್ಟಣದ ಮೇಲೆ 80/20 ಎಂದಿದ್ದರೆ ಆ ಸುತ್ತಿನಲ್ಲಿ ಶೇಕಡಾ 80 ತಾಮ್ರ, 20 ಸತುವು ಇರುತ್ತದೆ. ಫಾಸ್ಫರ್ ಬ್ರಾಂಜ್ ಎಂದಿದ್ದರೆ ತಾಮ್ರಕ್ಕೆ ತವರವನ್ನೂ ಅತ್ಯಲ್ಪ ರಂಜಕವನ್ನೂ ಬೆರೆಸಿರುತ್ತಾರೆ. ಸಣ್ಣ ತಂತಿಗಳಿಗೆ ತುಕ್ಕು ಹಿಡಿದರೆ ಬೆರಳಿಗೆ ತಕ್ಷಣ ತಿಳಿಯುತ್ತದೆ. ದಪ್ಪ ತಂತಿಗಳು ಕಿಲುಬುಗಟ್ಟಿ, ಸುತ್ತುಗಳ ನಡುವೆ ಕೊಳೆ ತುಂಬಿಕೊಂಡಾಗ ಮಾತ್ರ ನೋಟಕ್ಕಿಂತ ಮೊದಲು ನಾದವೇ ಮಂಕಾಗುತ್ತದೆ.

ಒರೆಸುವುದಕ್ಕೂ ಹಿಂದಿನ ಹೆಜ್ಜೆಯೆಂದರೆ ಕೈ ತೊಳೆಯುವುದು. ಗಿರಮಿಟ್ಟು, ಮೆಣಸಿನಕಾಯಿ ಬಜ್ಜಿ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗಿಟಾರ್ ಎತ್ತಿಕೊಳ್ಳುವವರ ತಂತಿಗಳನ್ನು ಯಾವ ದುಬಾರಿ ದ್ರಾವಣವೂ ಉಳಿಸಲಾರದು. ಸೋಪು ಹಚ್ಚಿ ತೊಳೆದು, ಉಗುರಿನ ಸಂದಿನವರೆಗೂ ಕೈ ಒಣಗಿದ ಮೇಲೆ ನುಡಿಸಲು ಕೂರಬೇಕು.

ಒರೆಸಲು ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡು ಅದಕ್ಕೇನೂ ಕಡಿಮೆಯಿಲ್ಲ. ಗಂಜಿ ಹಾಕಿದ ಹೊಸ ಬಟ್ಟೆ ಬೇಡ, ಅದರ ಪುಡಿಯೇ ತಂತಿಗೆ ಹತ್ತುತ್ತದೆ. ಬಟ್ಟೆಯನ್ನು ಎರಡು ಬೆರಳಗಲ ಮಡಚಿ, ಅದರ ಒಂದು ಮಗ್ಗುಲನ್ನು ನಟ್‌ನ (ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳ ಪಟ್ಟಿ) ಬಳಿ ತಂತಿಯ ಕೆಳಗೆ ತೂರಿಸಿ, ಇನ್ನೊಂದು ಮಗ್ಗುಲನ್ನು ಮೇಲಿನಿಂದ ಹೊದಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಹಿಡಿದು, ಗಿಟಾರಿನ ಒಡಲ ಮೇಲೆ ತಂತಿಗಳನ್ನು ಸಿಕ್ಕಿಸಿರುವ ಬ್ರಿಡ್ಜ್‌ವರೆಗೆ ನಿಧಾನವಾಗಿ ಎಳೆಯಬೇಕು. ಹೀಗೆ ಒಂದೊಂದೇ ತಂತಿ, ಒಂದೊಂದಕ್ಕೂ ಎರಡು ಮೂರು ಸಲ. ದಪ್ಪ ತಂತಿಯ ಮೇಲೆ ಎಳೆಯುವಾಗ ಕಿರ್ರೆಂಬ ಸದ್ದು ಬರುತ್ತದೆ, ಬಟ್ಟೆಯ ಮೇಲೆ ಕರಿಯ ಗೆರೆ ಮೂಡುತ್ತದೆ. ಗೆರೆ ತೆಳುವಾಗುವವರೆಗೆ ಬಟ್ಟೆಯ ಜಾಗ ಬದಲಿಸುತ್ತ ಎಳೆಯಬೇಕು. ಬಹಳಷ್ಟು ಜನ ಮೇಲ್ಭಾಗವನ್ನಷ್ಟೇ ಸವರಿ ಬಿಡುತ್ತಾರೆ. ಆದರೆ ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಾಗಿ ಸವೆಯುವುದು, ಲೇಪ ಕಳಚಿ ತುಕ್ಕಿಗೆ ದಾರಿಯಾಗುವುದು ತಂತಿಯ ಅಡಿಭಾಗ. ಆದ್ದರಿಂದ ಬಟ್ಟೆ ಕೆಳಗೆ ಹೋಗಲೇಬೇಕು. ಕೊನೆಯಲ್ಲಿ ಬಟ್ಟೆಯನ್ನು ಎಲ್ಲ ತಂತಿಗಳ ಕೆಳಗೆ ಒಟ್ಟಿಗೆ ತೂರಿಸಿ, ಫ್ರೆಟ್ಟುಗಳನ್ನು ಕೂರಿಸಿರುವ ಹಲಗೆಯಾದ ಫ್ರೆಟ್‌ಬೋರ್ಡನ್ನೂ ಒರೆಸಿದರೆ ದಿನದ ಕೆಲಸ ಮುಗಿಯಿತು.

ತಂತಿಗೆ ಕೊಬ್ಬರಿ ಎಣ್ಣೆ ಸವರುವ ರೂಢಿಯನ್ನು ಬಿಡುವುದೇ ಲೇಸು. ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ; ಬೆಳಗಾವಿಯ ಚಳಿಗಾಲದ ಮುಂಜಾವಿನಲ್ಲಿ ತಂತಿಯ ಸುತ್ತುಗಳ ನಡುವೆ ಅದು ಹೆಪ್ಪುಗಟ್ಟಿ, ಧೂಳನ್ನು ಹಿಡಿದಿಟ್ಟು, ನಾದವನ್ನು ಇನ್ನಷ್ಟು ಅಡಗಿಸುತ್ತದೆ. ತಾಮ್ರದ ತಂಬಿಗೆಯನ್ನು ಬೆಳಗಿದಂತೆ ಹುಣಸೆಹಣ್ಣು ತಿಕ್ಕುವುದಂತೂ ಸಲ್ಲದು: ಕಿಲುಬು ಹೋಗುತ್ತದೆ, ಆದರೆ ಸಂದಿನಲ್ಲಿ ಉಳಿದ ಹುಳಿ ಒಳಗಿನ ಉಕ್ಕನ್ನು ತಿನ್ನುತ್ತದೆ. ಜಿಡ್ಡು ಬಟ್ಟೆಗೆ ಬಗ್ಗದಿದ್ದರೆ ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನ ಒಂದೆರಡು ಹನಿಯನ್ನು ಬಟ್ಟೆಗೆ ಹಾಕಿಕೊಂಡು, ಅದು ಮರಕ್ಕೂ ಪಾಲಿಶಿಗೂ ತಾಗದಂತೆ ತಂತಿಗಳ ಕೆಳಗೆ ದಪ್ಪ ಕಾಗದವನ್ನಿಟ್ಟು ಒರೆಸಬಹುದು. ಇದು ಅಪರೂಪಕ್ಕೆ ಮಾತ್ರ. ಪಾಲಿಶ್ ಇಲ್ಲದ ರೋಸ್‌ವುಡ್ ಫ್ರೆಟ್‌ಬೋರ್ಡ್ ಆಲ್ಕೋಹಾಲಿನಿಂದ ಒಣಗಿ ಬಿರುಸಾಗುತ್ತದೆ.

ನೈಲಾನ್ ತಂತಿಯ ಗಿಟಾರಿಗೆ ಒಣಬಟ್ಟೆ ಸಾಕು. ಪಾಲಿಮರ್ ಲೇಪದ ತಂತಿಗಳಿಗೆ ಬೆಲೆ ಹೆಚ್ಚು; ಆದರೂ ಮಳೆಗಾಲದ ಬೆಳಗಾವಿಯಲ್ಲಿ ಆ ಖರ್ಚು ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ಮೀರಜಿನಿಂದ ತಂಬೂರಿ, ಸಿತಾರ್ ತಂದು ಮನೆಯಲ್ಲಿಟ್ಟುಕೊಂಡವರು ಈ ಭಾಗದಲ್ಲಿ ಕಡಿಮೆಯಿಲ್ಲ. ಆ ತಂತಿಗಳಿಗೂ ಇದೇ ಕ್ರಮ ಸಲ್ಲುತ್ತದೆ, ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಇರುವ ಜೀವಾಳದ ದಾರವನ್ನು ಕದಲಿಸದಿದ್ದರಾಯಿತು.

ಒರೆಸಿದ ಗಿಟಾರನ್ನು ಗೋಡೆಗೆ ಒರಗಿಸದೆ ಕೇಸಿನಲ್ಲಿಡಬೇಕು. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಮಳೆಗಾಲದಲ್ಲಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸುತ್ತಿರಬೇಕು. ಬೇಸಿಗೆ ಬರುತ್ತಲೇ ಅವನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ಮರವೇ ಕುಗ್ಗಿ ಫ್ರೆಟ್ಟುಗಳ ತುದಿ ಹೊರಚಾಚುತ್ತದೆ. ವಿಜಯಪುರದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ, ತಗಡಿನ ಸೂರಿನ ಕೆಳಗೆ ಗಿಟಾರನ್ನು ಬಿಡಲೇಬಾರದು. ಅಂಟು ಮೆತ್ತಗಾಗಿ ಬ್ರಿಡ್ಜ್ ಎದ್ದುಬರಬಹುದು. ರಾತ್ರಿ ತಂತಿಗಳನ್ನು ಸಡಿಲಿಸಿ ಬೆಳಿಗ್ಗೆ ಬಿಗಿಯುವ ಶ್ರಮ ಬೇಕಿಲ್ಲ.

ಎಷ್ಟು ಜೋಪಾನ ಮಾಡಿದರೂ ತಂತಿಗೆ ಆಯುಸ್ಸಿದೆ. ತಂತಿಯ ಅಡಿಯಲ್ಲಿ ಉಗುರನ್ನು ಮೆಲ್ಲಗೆ ಎಳೆದು ನೋಡಬೇಕು. ಫ್ರೆಟ್ಟುಗಳ ನೇರಕ್ಕೆ ತಗ್ಗು ಸಿಕ್ಕರೆ ಅದು ಸವೆದಿದೆ. 12ನೆಯ ಫ್ರೆಟ್ಟಿನ ನೇರಕ್ಕೆ, ಒತ್ತದೆ ಬೆರಳು ತಾಗಿಸಿ ನುಡಿಸಿದ ಹಾರ್ಮೋನಿಕ್ ಸ್ವರವೂ, ಅದೇ ಫ್ರೆಟ್ಟನ್ನು ಒತ್ತಿ ನುಡಿಸಿದ ಸ್ವರವೂ ಮೊದಲು ಹೊಂದುತ್ತಿದ್ದು ಈಗ ಶ್ರುತಿ ತೋರಿಸುವ ಟ್ಯೂನರಿನಲ್ಲಿ ಬೇರೆ ಬೇರೆಯಾಗಿ ಕಂಡರೂ ಹೊಸ ಸೆಟ್ ಹಾಕುವ ಕಾಲ ಬಂದಿದೆಯೆಂದೇ ಅರ್ಥ. ತೆಗೆಯುವಾಗ ಬಿಗಿಯಿದ್ದ ತಂತಿಯನ್ನು ಕತ್ತರಿಸಬಾರದು, ಪೂರ್ತಿ ಸಡಿಲಿಸಿ ಕತ್ತರಿಸಬೇಕು. ಹಳೆಯ ತಂತಿಗಳನ್ನು ಸುರುಳಿ ಸುತ್ತಿ, ಚೂಪಾದ ತುದಿಗಳು ಹೊರಬಾರದಂತೆ ದಪ್ಪ ಕಾಗದದಲ್ಲಿ ಕಟ್ಟಿ ಒಣಕಸಕ್ಕೆ ಹಾಕಿದರೆ ಕಸ ಬೇರ್ಪಡಿಸುವವರ ಕೈಗೆ ಚುಚ್ಚುವುದಿಲ್ಲ.