ಮೈನಸ್ 30ರಲ್ಲಿ ಕಾರಿನಡಿ ತೇವ: ಕೆನಡಾದ ಎಡ್ಮಂಟನ್‌ಗೆ ಹೊಸದಾಗಿ ಬಂದವರಿಗೆ

"ಅಣ್ಣಾ, ಕಾರಿನ ಕೆಳಗೆ ಏನೋ ಸೋರಿದೆ, ಆಫೀಸಿಗೆ ತಗೊಂಡು ಹೋಗಬಹುದಾ?" ಪ್ರತಿ ಚಳಿಗಾಲ ಹೊಸದಾಗಿ ಬಂದ ನಮ್ಮವರಿಂದ ಈ ಫೋನ್ ಬರುತ್ತದೆ. ಅದು ಗಡ್ಡೆ ಕಟ್ಟಿದೆಯೇ ಎಂದು ನಾನು ಮೊದಲು ವಿಚಾರಿಸುತ್ತೇನೆ. ಮೈನಸ್ 20ರಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರಿನಡಿ ಬಣ್ಣವಿಲ್ಲದ ಗಟ್ಟಿ ಮಂಜುಗಡ್ಡೆ ಇದ್ದರೆ ಅದು ಬರೀ ನೀರು. ಚಕ್ರದ ಸಂದಿಯಲ್ಲಿ ಮೆತ್ತಿಕೊಂಡಿದ್ದ ಹಿಮ ಕರಗಿ ತೊಟ್ಟಿಕ್ಕಿರುತ್ತದೆ, ಇಲ್ಲವೇ ಸೈಲೆನ್ಸರ್‌ನಿಂದ ಬಿದ್ದಿರುತ್ತದೆ. ಅಷ್ಟು ಚಳಿಯಲ್ಲೂ ಹೆಪ್ಪುಗಟ್ಟದೆ ಉಳಿದಿದ್ದರೆ ಕೈಗವಸು ಹಾಕಿಕೊಂಡು ಬಿಳಿ ಟಿಶ್ಯೂ ಅದ್ದಿ ನೋಡಿ. ಗಾಜು ತೊಳೆಯುವ ವಾಷರ್ ದ್ರವ ಸಾಮಾನ್ಯವಾಗಿ ನೀಲಿ, ನೀರಿನಂತೆ ತೆಳು, ಸ್ಪಿರಿಟ್ ವಾಸನೆ, ಬೇಗ ಆರುತ್ತದೆ. ಇಂಜಿನ್ ತಣ್ಣಗಿಡುವ ಕೂಲೆಂಟ್ ಹಸಿರು, ಕಿತ್ತಳೆ, ಗುಲಾಬಿ ಅಥವಾ ನೀಲಿ ಇರಬಹುದು. ಜಾರುತ್ತದೆ, ಸಿಹಿ ವಾಸನೆ, ಸುಲಭಕ್ಕೆ ಆರುವುದಿಲ್ಲ.

ಬಣ್ಣವಿರುವ ದ್ರವವೇ ಗಡ್ಡೆ ಕಟ್ಟಿದ್ದರೆ ಮಾತ್ರ ನನಗೆ ಹೆಚ್ಚು ಭಯ. ಯಾರೋ ಕೂಲೆಂಟಿಗೆ ನೀರು ಬೆರೆಸಿ ತೆಳು ಮಾಡಿರಬಹುದು. ಊರಲ್ಲಿ ಘಾಟಿ ಹತ್ತುವಾಗ ಇಂಜಿನ್ ಕಾದರೆ ನಿಲ್ಲಿಸಿ, ಆರಿದ ಮೇಲೆ ರೇಡಿಯೇಟರಿಗೆ ಬಾಟಲಿ ನೀರು ಸುರಿದು ಮುಂದೆ ಹೋದವರು ನಾವು. ಇಲ್ಲಿ ಆ ಅಭ್ಯಾಸ ಇಂಜಿನ್ನನ್ನೇ ಒಡೆಯುತ್ತದೆ: ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ. ಹಾಗೆಂದು ನೀರೇ ಇಲ್ಲದ ಗಟ್ಟಿ ಕೂಲೆಂಟ್ ಸುರಿಯಬೇಡಿ. ಅದು ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಕಾರಿನ ಕೈಪಿಡಿ ಹೇಳಿದ ಬಗೆಯದನ್ನು, ಬೆರೆಸಿಯೇ ಮಾರುವ ಡಬ್ಬಿಯಲ್ಲಿ ತನ್ನಿ. ಬಣ್ಣ ಹೊಂದಿತೆಂದು ಬಗೆ ಹೊಂದುವುದಿಲ್ಲ.

ಇನ್ನು ಮುಖ್ಯ ಮಾತು. ಚಳಿಯ ಸೋರಿಕೆ ಇಂಜಿನ್ ತಣ್ಣಗಿದ್ದಾಗಲೇ ಕಾಣುವುದು. ನನ್ನ ಹಳೆಯ ಕಾರು ಎರಡು ಸಲ ಗ್ಯಾರೇಜಿಗೆ ಹೋಗಿ "ಏನೂ ಸೋರುತ್ತಿಲ್ಲ" ಎಂದು ವಾಪಸ್ ಬಂತು. ಮನೆಗೆ ಬಂದು ಬೆಳಿಗ್ಗೆ ನೋಡಿದರೆ ಮತ್ತೆ ಹಸಿರು ಕಲೆ. ಕೊರೆಯುವ ಚಳಿಗೆ ರಬ್ಬರ್ ಹೋಸ್ ಬಿರುಸಾಗಿ ಕುಗ್ಗುತ್ತದೆ, ಅದನ್ನು ಬಿಗಿದಿರುವ ಸ್ಕ್ರೂ ಕ್ಲ್ಯಾಂಪ್ ಅದರ ಜೊತೆ ಕುಗ್ಗದೆ ಸಡಿಲವಾಗುತ್ತದೆ, ಕೂದಲೆಳೆಯ ಸಂದಿಯಿಂದ ತೊಟ್ಟಿಕ್ಕುತ್ತದೆ. ಗ್ಯಾರೇಜ್ ತಲುಪುವಷ್ಟರಲ್ಲಿ ಎಲ್ಲ ಬಿಸಿಯಾಗಿ ಹಿಗ್ಗಿ ಸಂದಿ ಮುಚ್ಚಿಹೋಗಿರುತ್ತದೆ. ಮೂರನೆಯ ಸಲ ಹಿಂದಿನ ಸಂಜೆಯೇ ಕಾರನ್ನು ಅವರ ಅಂಗಳದಲ್ಲಿ ಬಿಟ್ಟು, ಸ್ಟಾರ್ಟ್ ಮಾಡುವ ಮೊದಲೇ, ಒತ್ತಡ ಹಾಕಿ ಸೋರಿಕೆ ಹುಡುಕುವ ಪ್ರೆಶರ್ ಪರೀಕ್ಷೆ ಮಾಡಿ ಎಂದು ಕೇಳಿಕೊಂಡೆ. ರೇಡಿಯೇಟರಿನ ಕೆಳ ಹೋಸ್ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು. ಸ್ಪ್ರಿಂಗ್ ಕ್ಲ್ಯಾಂಪ್ ಹಾಕಿದರು; ಅದು ಹೋಸ್ ಕುಗ್ಗಿದಷ್ಟೂ ತಾನೂ ಬಿಗಿಯುತ್ತದೆ.

ನೀವೂ ಮಲಗುವ ಮುನ್ನ ಕಾರಿನ ಮುಂಭಾಗದ ಕೆಳಗೆ ಅಗಲವಾದ ರಟ್ಟು ಹಾಸಿ, ಗಾಳಿಗೆ ಹಾರದಂತೆ ಇಟ್ಟಿಗೆ ಇಡಿ. ಕಲೆ ಎಲ್ಲಿ ಬಿತ್ತೆಂದು ಫೋಟೋ ತೆಗೆದು ಮೆಕ್ಯಾನಿಕ್‌ಗೆ ತೋರಿಸಿ. ತೀರಾ ಮುಂದಿದ್ದರೆ ರೇಡಿಯೇಟರ್ ಅಥವಾ ಅದರ ಹೋಸ್, ಬೆಲ್ಟ್ ಇರುವ ಬದಿಗಿದ್ದರೆ ವಾಟರ್ ಪಂಪ್ ಇರಬಹುದು. ಊರಿನ ಕಾರುಗಳಲ್ಲಿ ನಾವು ಕಾಣದ ಇನ್ನೊಂದು ಜಾಗವಿದೆ: ರಾತ್ರಿ ಪ್ಲಗ್ ಹಾಕುತ್ತೀರಲ್ಲ, ಇಂಜಿನ್ ಬೆಚ್ಚಗಿಡುವ ಆ ಬ್ಲಾಕ್ ಹೀಟರ್ ಇಂಜಿನ್ನಿಗೆ ಕೂರುವ ಕಡೆ. ಅದರ ರಬ್ಬರ್ ಸೀಲ್ ಹಳತಾದರೆ ಅಲ್ಲಿಂದಲೂ ಸೋರುತ್ತದೆ.

ರಟ್ಟು ಒಣಗಿದ್ದೂ ಇಂಜಿನ್ ಪಕ್ಕದ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆಯೇ? ಕಾರಿನೊಳಗೆ ಸಿಹಿ ವಾಸನೆ, ಮುಂಗಾಜಿನ ಮೇಲೆ ಜಿಡ್ಡು ಮಂಜು ಇದ್ದರೆ, ಒಳಗೆ ಬಿಸಿ ಗಾಳಿ ಕೊಡುವ ಹೀಟರ್ ಕೋರ್ ಸೋರುತ್ತಿರಬಹುದು. ಸೈಲೆನ್ಸರಿನ ಬಿಳಿ ಆವಿಗೆ ಹೆದರಬೇಡಿ, ಮೈನಸ್ 30ರಲ್ಲಿ ಎಲ್ಲ ಕಾರುಗಳದ್ದೂ ಹಾಗೆಯೇ; ಸಿಹಿ ವಾಸನೆಯೂ ಇದ್ದರೆ ಇಂಜಿನ್ನಿನ ಒಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ನೋಡಿಸಿ. ಮಟ್ಟವನ್ನು ತಣ್ಣಗಿದ್ದಾಗಲೇ ನೋಡಿ. ಇಂಜಿನ್ ಬಿಸಿಯಿರುವಾಗ ಕೂಲೆಂಟಿನ ಮುಚ್ಚಳ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ.

ಹೋಗುತ್ತಾ ಹೀಟರ್ ದಿಢೀರನೆ ತಣ್ಣನೆ ಗಾಳಿ ಬಿಟ್ಟರೆ ಕೂಲೆಂಟ್ ಖಾಲಿಯಾಗಿರಬಹುದು; ತಾಪ ತೋರಿಸುವ ಮುಳ್ಳು ಏರಿಲ್ಲ ಎಂದು ಮುಂದುವರಿಯಬೇಡಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಕಂಬಳಿ, ದಪ್ಪ ಜಾಕೆಟ್, ಚಾರ್ಜರ್ ಕಾರಿನಲ್ಲಿರಲಿ. ಆಲ್ಬರ್ಟಾ ಮೋಟರ್ ಅಸೋಸಿಯೇಷನ್‌ನ ಸದಸ್ಯತ್ವವನ್ನು ಚಳಿಗೆ ಮುಂಚೆಯೇ ಮಾಡಿಕೊಂಡರೆ ಎಳೆದೊಯ್ಯುವ ಗಾಡಿಯ ಚಿಂತೆ ತಪ್ಪುತ್ತದೆ.

ಸೋರಿದ್ದನ್ನು ರಸ್ತೆಯ ಚರಂಡಿಗೆ ತೊಳೆಯಬೇಡಿ, ಅದು ನಾರ್ತ್ ಸಸ್ಕಾಚುವನ್ ನದಿ ಸೇರುತ್ತದೆ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಮೊದಲ ಸಲ ಹಿಮ ಕಂಡ ನಮ್ಮ ಮಕ್ಕಳು ಅದನ್ನು ಬಾಯಿಗೆ ಹಾಕದೆ ಬಿಡುವುದಿಲ್ಲ. ಆದ್ದರಿಂದ ಬಣ್ಣ ಹತ್ತಿದ ಹಿಮವನ್ನೆಲ್ಲ ಸಲಿಕೆಯಿಂದ ಕೆರೆದು ಮುಚ್ಚಳವಿರುವ ಬಕೆಟ್ಟಿಗೆ ತುಂಬಿ, ರಟ್ಟಿನ ಜೊತೆಗೆ ಇಂಥ ಅಪಾಯಕಾರಿ ಕಸ ತೆಗೆದುಕೊಳ್ಳುವ ನಗರಸಭೆಯ ಎಕೋ ಸ್ಟೇಷನ್ನಿಗೆ ಒಯ್ಯಿರಿ. ಮಕ್ಕಳು ಶಾಲೆಯಿಂದ ಬರುವ ಮೊದಲೇ ಮಾಡಿ.